ಬಾಹ್ಯಾಕಾಶದಲ್ಲಿ ಆಯುಧ ಇಡಬಾರದು ಅಂತ ಒಪ್ಪಂದ ಇದೆಯಲ್ವಾ? ಮತ್ತೆ ಈ ಜಗಳ ಯಾಕೆ?

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಕಣದಲ್ಲಿ ಚೆರಿ ಕಾಫಿ ಹರಡಿದ್ದೇವೆ, ಹಾಗಾಗಿ ಬೆಳಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಇನ್ಸಾಟ್ ಮೋಡದ ಚಿತ್ರ ನೋಡುವುದು, ಆಮೇಲೆ ವಾಟ್ಸಾಪ್. ಅಲ್ಲಿ ಯಾರೋ ಹಾಕಿದ್ದರು, ರಷ್ಯಾ ಆಕಾಶದಲ್ಲಿ ಅಣುಬಾಂಬ್ ಇಡುತ್ತದೆ, ಉಪಗ್ರಹಗಳೆಲ್ಲ ಸುಟ್ಟು ಹೋಗುತ್ತವೆ ಅಂತ. ಅದರ ಕೆಳಗೆ ಇನ್ನೊಬ್ಬರು, ಸುಮ್ನೆ ಹೆದರಿಸಬೇಡಿ, 1967ರಲ್ಲೇ ಒಪ್ಪಂದ ಆಗಿದೆ, ಮೇಲೆ ಯಾರೂ ಆಯುಧ ಇಡುವ ಹಾಗಿಲ್ಲ ಅಂದರು.

ಒಪ್ಪಂದ ಇದೆ ಅಂದರೆ ವಿಶ್ವಸಂಸ್ಥೆಯಲ್ಲಿ ವರ್ಷ ವರ್ಷ ಇದೇ ವಿಷಯಕ್ಕೆ ಯಾಕೆ ಕಿತ್ತಾಡುತ್ತಾರೆ? 2024ರಲ್ಲಿ ರಷ್ಯಾ ವೀಟೋ ಹಾಕಿದ್ದು ಯಾವುದಕ್ಕೆ? ನಾವು ಯಾರ ಕಡೆ? ತಿಳಿದವರು ಬಿಡಿಸಿ ಹೇಳಿ. ಪಕ್ಷದ ರಾಜಕೀಯ ಬೇಡ, ಅದಕ್ಕೆ ಬೇರೆ ಗ್ರೂಪ್‌ಗಳಿವೆ.

ಮೇಷ್ಟ್ರು_ಮಡಿಕೇರಿ

ಆ ಇನ್ನೊಬ್ಬರು ಹೇಳಿದ್ದು ಅರ್ಧ ಸರಿ. 1967ರ ಬಾಹ್ಯಾಕಾಶ ಒಪ್ಪಂದದ ನಾಲ್ಕನೇ ವಿಧಿ ಓದಿ ನೋಡಿ, ಸಣ್ಣದು. ಅಣ್ವಸ್ತ್ರ ಮತ್ತು ಬೇರೆ ಸಾಮೂಹಿಕ ನಾಶದ ಅಸ್ತ್ರಗಳನ್ನು ಭೂಮಿಯ ಸುತ್ತ ಕಕ್ಷೆಯಲ್ಲಿ ಇಡಬಾರದು, ಚಂದ್ರನ ಮೇಲೂ ಇಡಬಾರದು. ಚಂದ್ರ ಮತ್ತು ಇತರ ಆಕಾಶಕಾಯಗಳಲ್ಲಿ ಸೇನಾ ನೆಲೆ, ಆಯುಧ ಪರೀಕ್ಷೆ, ಕವಾಯತು ಯಾವುದೂ ಕೂಡದು. ಅಷ್ಟೇ. ಮಾಮೂಲಿ ಆಯುಧ ಕಕ್ಷೆಯಲ್ಲಿ ಇಡಬಾರದು ಅಂತ ಎಲ್ಲೂ ಇಲ್ಲ. ನೆಲದಿಂದ ಕ್ಷಿಪಣಿ ಬಿಟ್ಟು ಉಪಗ್ರಹ ಒಡೆಯಬಾರದು ಅಂತಲೂ ಇಲ್ಲ. ಸೋವಿಯತ್‌ನವರು ಎಪ್ಪತ್ತರ ದಶಕದಲ್ಲಿ ತಮ್ಮ ಸಲ್ಯೂಟ್-3 ನಿಲ್ದಾಣಕ್ಕೆ ಒಂದು ಫಿರಂಗಿಯನ್ನೇ ಕೂರಿಸಿ, ಅಲ್ಲೇ ಹಾರಿಸಿ ನೋಡಿದ್ದರು. ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ! ಒಪ್ಪಂದ ಮುರಿದ ಹಾಗೂ ಆಗಲಿಲ್ಲ.

ಅಷ್ಟಾದರೂ ಯಾಕೆ ಒಪ್ಪಿಕೊಂಡರು ಅಂದರೆ, ಎರಡೂ ಕಡೆಯವರು ಬೆಚ್ಚಿಬಿದ್ದಿದ್ದರು. 1962ರ ಜುಲೈ 9ರಂದು ಅಮೆರಿಕ ಪೆಸಿಫಿಕ್ ಸಾಗರದ ಮೇಲೆ ಸುಮಾರು 400 ಕಿ.ಮೀ. ಎತ್ತರದಲ್ಲಿ 1.4 ಮೆಗಾಟನ್ ಬಾಂಬ್ ಸಿಡಿಸಿತು, ಸ್ಟಾರ್‌ಫಿಶ್ ಪ್ರೈಮ್ ಅಂತ ಹೆಸರು. ಸಾವಿರ ಚಿಲ್ಲರೆ ಕಿ.ಮೀ. ದೂರದ ಹವಾಯಿಯಲ್ಲಿ ಬೀದಿ ದೀಪಗಳು ಆರಿದವು. ಆ ಬಾಂಬಿನಿಂದ ಹುಟ್ಟಿದ ವಿಕಿರಣ ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡು ತಿಂಗಳುಗಟ್ಟಲೆ ಅಲ್ಲೇ ಸುತ್ತಿತು, ಹಾರುತ್ತಿದ್ದ ಕೆಲವು ಉಪಗ್ರಹಗಳನ್ನು ಹಾಳು ಮಾಡಿತು. ಬ್ರಿಟನ್ನಿನ ಮೊದಲ ಉಪಗ್ರಹ ಏರಿಯಲ್-1ಕ್ಕೂ ಪೆಟ್ಟು ಬಿತ್ತು, ಅದು ಅಮೆರಿಕದ ಮಿತ್ರರದ್ದೇ. ಬಾಂಬಿಗೆ ನಮ್ಮವರು ನಿಮ್ಮವರು ಅಂತ ಗೊತ್ತಾಗುವುದಿಲ್ಲ ಅಲ್ವಾ. ಮರುವರ್ಷವೇ, 1963ರಲ್ಲಿ, ಗಾಳಿಯಲ್ಲಿ, ನೀರಿನಡಿ, ಬಾಹ್ಯಾಕಾಶದಲ್ಲಿ ಅಣು ಪರೀಕ್ಷೆ ಬೇಡ ಅಂತ ಒಪ್ಪಂದವಾಯಿತು. ಅದಾಗಿ ನಾಲ್ಕು ವರ್ಷಕ್ಕೆ ಈ 1967ರ ಒಪ್ಪಂದ.

ನಿಮ್ಮ ವಾಟ್ಸಾಪ್ ಸುದ್ದಿಯ ಮೂಲ ಬಹುಶಃ 2024ರ ಫೆಬ್ರವರಿಯದು. ರಷ್ಯಾ ಉಪಗ್ರಹ ನಾಶಕ ಅಸ್ತ್ರವೊಂದನ್ನು ತಯಾರು ಮಾಡುತ್ತಿದೆ, ಆದರೆ ಇನ್ನೂ ಮೇಲೆ ಇಟ್ಟಿಲ್ಲ ಅಂತ ಅಮೆರಿಕ ಹೇಳಿತು. ಅದು ಅಣ್ವಸ್ತ್ರ ಅಂತ ಸುದ್ದಿಯಾಯಿತು. ಬಾಹ್ಯಾಕಾಶದಲ್ಲಿ ಅಣ್ವಸ್ತ್ರಕ್ಕೆ ನಾವು ವಿರೋಧ ಅಂದರು ಪುಟಿನ್. ಏಪ್ರಿಲ್ 24ರಂದು ಅಮೆರಿಕ ಮತ್ತು ಜಪಾನ್ ಭದ್ರತಾ ಮಂಡಳಿಗೆ ನಿರ್ಣಯ ತಂದವು. ಅದರಲ್ಲಿದ್ದದ್ದು ಹೆಚ್ಚು ಕಡಿಮೆ ಹಳೇ ನಾಲ್ಕನೇ ವಿಧಿಯೇ, ಜೊತೆಗೆ ಅಂಥ ಅಸ್ತ್ರ ತಯಾರಿಸಲೂ ಬೇಡಿ ಅನ್ನುವ ಮಾತು. 13 ದೇಶ ಪರ, ಚೀನಾ ತಟಸ್ಥ, ರಷ್ಯಾ ವೀಟೋ. ಅಣುಬಾಂಬ್ ಒಂದೇ ಯಾಕೆ, ಎಲ್ಲ ಆಯುಧವನ್ನೂ ನಿಷೇಧಿಸೋಣ ಅನ್ನುವುದು ರಷ್ಯಾದ ವಾದ. ಮೇ 20ರಂದು ಅವರೇ ಅಂಥ ನಿರ್ಣಯ ತಂದರು. 7 ಪರ, 7 ವಿರೋಧ, 1 ತಟಸ್ಥ. ಅದೂ ಬಿದ್ದುಹೋಯಿತು.

ಹಳೇಫೌಜಿ_ಗೋಣಿಕೊಪ್ಪ

ಮೇಷ್ಟ್ರು ಚೆನ್ನಾಗಿ ಹೇಳಿದರು. ನಾನು ಸಿಗ್ನಲ್ಸ್‌ನಲ್ಲಿ ಇದ್ದವನು, ನನಗೆ ಈ ಕಾಗದಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಒಪ್ಪಂದ ಪಾಲಿಸುತ್ತಾರೋ ಇಲ್ಲವೋ ಅಂತ ಹೋಗಿ ನೋಡುವವರು ಯಾರು? ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು ಕೊರಿಯಾ ಯುದ್ಧ ನಿಂತ ಮೇಲೆ ಕೈದಿಗಳ ವಿಚಾರ ನೋಡುವ ತಟಸ್ಥ ಆಯೋಗದ ಅಧ್ಯಕ್ಷರಾಗಿದ್ದರು. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಪಡೆಯ ಕಮಾಂಡರ್ ಆಗಿದ್ದಾಗಲೇ 1965ರಲ್ಲಿ ತೀರಿಕೊಂಡರು. ಅಲ್ಲೆಲ್ಲ ನೆಲದ ಮೇಲೆ ಜನ ಇದ್ದರು, ಕ್ಯಾಂಪಿನೊಳಗೆ ನಡೆದು ಹೋಗಿ ತಲೆ ಎಣಿಸಬಹುದಿತ್ತು. 36,000 ಕಿ.ಮೀ. ಮೇಲೆ ಇರುವ ಡಬ್ಬಿಯೊಳಗೆ ಏನಿದೆ ಅಂತ ಯಾರು ಇಣುಕಿ ನೋಡುತ್ತಾರೆ?

ಇನ್ನೊಂದು ಮಾತು. ಅಣುಬಾಂಬ್ ವಿಷಯದಲ್ಲಿ ಏನಾಯಿತು ನೆನಪಿದೆಯಲ್ವಾ? ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಲ್ಲಿ, 1967ರ ಜನವರಿ 1ರ ಮೊದಲು ಸಿಡಿಸಿದವರು ಒಳಗೆ, ಆಮೇಲಿನವರು ಹೊರಗೆ ಅಂತ ಗೆರೆ ಎಳೆದರು. ನಾವು ಹೊರಗುಳಿದೆವು. ಬಾಹ್ಯಾಕಾಶದಲ್ಲೂ ನಾಳೆ ಹಾಗೇ ಗೆರೆ ಎಳೆಯುವ ಮೊದಲು 2019ರ ಮಾರ್ಚ್ 27ಕ್ಕೆ ಮಿಷನ್ ಶಕ್ತಿ, ಅಂದರೆ ಕ್ಷಿಪಣಿ ಬಿಟ್ಟು ನಮ್ಮದೇ ಉಪಗ್ರಹ ಒಡೆಯುವ ಪರೀಕ್ಷೆ, ಮಾಡಿದ್ದು ಸರಿಯೇ. ಯಾರು ಏನೇ ಹೇಳಲಿ.

ಕೊಡ್ಲಿಪೇಟೆ_ಹುಡುಗಿ

ಫೌಜಿ ಅಂಕಲ್, ಶಕ್ತಿ ಸರಿಯೋ ತಪ್ಪೋ ಆಮೇಲೆ. ಒಡೆದ ಮೇಲೆ ಆ ಚೂರುಗಳು ಎಲ್ಲಿ ಹೋಗುತ್ತವೆ ಅನ್ನುವುದನ್ನು ಮೊದಲು ನೋಡಬೇಕು. ನಾನು ಬೆಂಗಳೂರಿನಲ್ಲಿ ಉಪಗ್ರಹದ ಬಿಡಿಭಾಗ ಮಾಡುವ ಕಡೆ ಕೆಲಸ ಮಾಡುತ್ತೇನೆ, ನಮಗೆ ಇದೇ ತಲೆನೋವು.

2007ರ ಜನವರಿಯಲ್ಲಿ ಚೀನಾ ತನ್ನದೇ ಹಳೇ ಹವಾಮಾನ ಉಪಗ್ರಹ ಫೆಂಗ್‌ಯುನ್-1ಸಿಯನ್ನು ಸುಮಾರು 860 ಕಿ.ಮೀ. ಎತ್ತರದಲ್ಲಿ ಒಡೆಯಿತು. ಲೆಕ್ಕಕ್ಕೆ ಸಿಕ್ಕ ಚೂರುಗಳೇ 3,000ಕ್ಕೂ ಜಾಸ್ತಿ. ಅಷ್ಟು ಎತ್ತರದಲ್ಲಿ ಗಾಳಿ ಇಲ್ಲದ ಹಾಗೇ, ಎಳೆದು ಕೆಳಗೆ ಬೀಳಿಸುವುದಕ್ಕೆ ಏನೂ ಇಲ್ಲ. ಎಷ್ಟೋ ಚೂರುಗಳು ಇವತ್ತಿಗೂ ಸುತ್ತುತ್ತಿವೆ, ಸೆಕೆಂಡಿಗೆ ಏಳು ಕಿ.ಮೀ. ಮೇಲಿನ ವೇಗದಲ್ಲಿ. ಶಕ್ತಿಯಲ್ಲಿ ನಾವು ನಮ್ಮ ಮೈಕ್ರೋಸ್ಯಾಟ್-ಆರ್ ಉಪಗ್ರಹ ಹೊಡೆದದ್ದು ಸುಮಾರು 300 ಕಿ.ಮೀ.ಯಲ್ಲಿ. ಅದು ಬೇಕೆಂದೇ ತಗ್ಗಿನಲ್ಲಿ, ಬೇಗ ಬಿದ್ದು ಉರಿದುಹೋಗಲಿ ಅಂತ. ಹೆಚ್ಚಿನವು ಬೇಗ ಬಿದ್ದವು, ಆದರೆ ಕೆಲವು ಮೇಲಕ್ಕೆ ಚಿಮ್ಮಿ ವರ್ಷ ದಾಟಿದವು. 2021ರ ನವೆಂಬರ್ 15ಕ್ಕೆ ರಷ್ಯಾ ಕಾಸ್ಮೋಸ್-1408 ಒಡೆದಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದವರು ತಮ್ಮ ನೌಕೆಗಳೊಳಗೆ ಹೋಗಿ ಕೂತರು. ಅದರೊಳಗೆ ರಷ್ಯಾದವರೂ ಇದ್ದರು!

ಆಯುಧ ಅಂದರೆ ಏನು ಅನ್ನುವುದೇ ಇಲ್ಲಿ ದೊಡ್ಡ ಗೋಜಲು. ಚೀನಾದ ಶಿಜಿಯಾನ್-21 ಅನ್ನುವ ಉಪಗ್ರಹ 2022ರಲ್ಲಿ ಕೆಟ್ಟುಹೋದ ಇನ್ನೊಂದು ಉಪಗ್ರಹವನ್ನು ಹಿಡಿದು ಎಳೆದುಕೊಂಡು ಹೋಗಿ, ಯಾರಿಗೂ ಅಡ್ಡ ಬಾರದ ಎತ್ತರಕ್ಕೆ ಬಿಟ್ಟು ಬಂತು. ಒಳ್ಳೆಯ ಕೆಲಸ. ಆದರೆ ಅದೇ ಕೈ ಬೇರೆಯವರ ಚಾಲೂ ಉಪಗ್ರಹವನ್ನು ಹಿಡಿದರೆ? ನಮ್ಮ ಸ್ಪೇಡೆಕ್ಸ್ 2025ರ ಜನವರಿಯಲ್ಲಿ ಎರಡು ಉಪಗ್ರಹ ಜೋಡಿಸಿತಲ್ಲ, ಆ ವಿದ್ಯೆಯೂ ಇದೇ ಜಾತಿಯದ್ದು. ಇನ್ನೊಬ್ಬರ ಉಪಗ್ರಹದ ಹತ್ತಿರ ಮೆಲ್ಲಗೆ ಹೋಗಲು ಬಂದರೆ ರಿಪೇರಿಯೂ ಮಾಡಬಹುದು, ಕೆಡಿಸಲೂಬಹುದು. ಇದನ್ನು ಹೇಗೆ ನಿಷೇಧ ಮಾಡುತ್ತೀರಿ?

ಉಪಗ್ರಹವನ್ನು ಮುಟ್ಟಲೇಬೇಕು ಅಂತಲೂ ಇಲ್ಲ. 2022ರ ಫೆಬ್ರವರಿ 24, ಉಕ್ರೇನ್ ಯುದ್ಧ ಶುರುವಾದ ದಿನ, ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್ನೆಟ್ ಮೇಲೆ ಸೈಬರ್ ದಾಳಿ ಆಯಿತು. ಉಪಗ್ರಹಕ್ಕೆ ಒಂದು ಗೀರೂ ಬೀಳಲಿಲ್ಲ. ನೆಲದ ಮೇಲಿನ ಮೋಡೆಮ್‌ಗಳು ಕೆಟ್ಟವು, ಜರ್ಮನಿಯಲ್ಲಿ ಸಾವಿರಾರು ಗಾಳಿಯಂತ್ರಗಳು ದೂರದಿಂದ ನಿಗಾ ಇಡುವವರ ಕೈತಪ್ಪಿದವು.

ಕೆದಕ್ತೀನಿ_ನಾಪೋಕ್ಲು

ನೆಟ್‌ವರ್ಕ್ ಹೋಗುವುದಕ್ಕೆ ಸೈಬರ್ ದಾಳಿಯೇ ಬೇಕಾ? ನಮ್ಮಲ್ಲಿ ಒಂದು ಮರದ ಕೊಂಬೆ ಸಾಕು.

ತೋಟದಮನೆ_ಸೋಮವಾರಪೇಟೆ

😀 ಸತ್ಯ. ತಂಗಿ, ಹಾಸನದಲ್ಲಿ ಇಸ್ರೋದ ಕೇಂದ್ರ ಇದೆಯಲ್ಲ, ನಮಗೆ ಪಕ್ಕದಲ್ಲೇ. ಯುದ್ಧ ಆದರೆ ಅದಕ್ಕೂ ಗಂಡಾಂತರವಾ? ಭಾರತ ಯಾರ ಕಡೆ ಅನ್ನುವುದಕ್ಕೂ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಕೊಡ್ಲಿಪೇಟೆ_ಹುಡುಗಿ

ಅಣ್ಣ, ಹಾಸನದ್ದು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಇನ್ಸಾಟ್, ಜಿಸ್ಯಾಟ್‌ನಂಥ ಎತ್ತರದ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ನೀವು ಬೆಳಗ್ಗೆ ನೋಡುವ ಮೋಡದ ಚಿತ್ರ ತೆಗೆಯುವ ಉಪಗ್ರಹ ಜಾಗ ಬಿಟ್ಟು ಕದಲದ ಹಾಗೆ ಸರಿಮಾಡುವ ಆಜ್ಞೆಯೂ ಅಲ್ಲಿಯವರ ಕೈಯಲ್ಲಿ. ಒಂದೇ ಕಡೆ ನೆಚ್ಚಿಕೊಳ್ಳಬಾರದು ಅಂತಲೇ ಭೋಪಾಲದಲ್ಲಿ ಇನ್ನೊಂದು ಕೇಂದ್ರ ಇದೆ. ಉಪಗ್ರಹ ನಡೆಸುವ ಆಂಟೆನಾ, ಕಂಪ್ಯೂಟರ್ ಎಲ್ಲ ನೆಲದ ಮೇಲೇ ಇರುವಾಗ ಬರೀ ಮೇಲಿನ ಆಯುಧ ನಿಷೇಧಿಸಿದರೆ ಸಾಲದು ಅನ್ನುವುದು ಇದಕ್ಕೇ.

ವಕೀಲಿ_ವಿರಾಜಪೇಟೆ

ಭಾರತ ಯಾರ ಕಡೆ ಅನ್ನುವುದಕ್ಕೆ ನಾನು ಹೇಳುತ್ತೇನೆ. ಅದಕ್ಕೆ ಮೊದಲು ಎರಡು ಬಣ ಏನು ಅಂತ ತಿಳಿಯಬೇಕು.

ನಮ್ಮಲ್ಲಿ ಕೋವಿ ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರವರೆಗೆ ಮುಂದುವರಿಸಿದ್ದಾರೆ. ಕೈಲ್ ಪೊಳ್ದ್ ಹಬ್ಬಕ್ಕೆ ಅದಕ್ಕೆ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ಮನೆಯಲ್ಲಿ ಕೋವಿ ಇರುವುದೇ ಅಪರಾಧ ಅಲ್ಲ, ಅದರಿಂದ ಏನು ಮಾಡಿದೆ ಅನ್ನುವುದಕ್ಕೆ ಕೇಸು. ಬಾಹ್ಯಾಕಾಶದ ಜಗಳವೂ ಇದೇ. ರಷ್ಯಾ ಮತ್ತು ಚೀನಾ ಕೋವಿಯನ್ನೇ ನಿಷೇಧಿಸಿ ಅನ್ನುತ್ತವೆ. 2008ರಲ್ಲಿ ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನಕ್ಕೆ ಒಂದು ಕರಡು ಒಪ್ಪಂದ ಕೊಟ್ಟರು, 2014ರಲ್ಲಿ ತಿದ್ದಿ ಮತ್ತೆ ಕೊಟ್ಟರು: ಬಾಹ್ಯಾಕಾಶದಲ್ಲಿ ಆಯುಧ ಇಡಬಾರದು ಅಂತ. ಅಮೆರಿಕದ ತಕರಾರು ಎರಡು. ಪರೀಕ್ಷಿಸಿ ನೋಡುವ ದಾರಿ ಅದರಲ್ಲಿ ಇಲ್ಲ. ಮತ್ತೆ, ನೆಲದಿಂದ ಹಾರುವ ಉಪಗ್ರಹ ನಾಶಕ ಕ್ಷಿಪಣಿ ಇಟ್ಟುಕೊಳ್ಳುವುದಕ್ಕೆ ಅದು ಅಡ್ಡ ಬರುವುದಿಲ್ಲ, ಅಂದರೆ ಅವರ ಹತ್ತಿರ ಈಗಾಗಲೇ ಇರುವುದಕ್ಕೆ ಮಾತ್ರ ವಿನಾಯಿತಿ. ಇದು ಸರಿಯಾದ ತಕರಾರೇ. ಆದರೆ ಅಮೆರಿಕವೂ ಸಾಚಾ ಅಲ್ಲ. 1983ರಲ್ಲಿ ರೇಗನ್ ಕ್ಷಿಪಣಿ ರಕ್ಷಣೆಯ ಕನಸು ಕಟ್ಟಿದಾಗಿನಿಂದ ಬಾಹ್ಯಾಕಾಶದಲ್ಲಿ ತನ್ನ ಕೈ ಕಟ್ಟುವ ಯಾವ ಒಪ್ಪಂದಕ್ಕೂ ಅದು ಹಿಂದೇಟು ಹಾಕುತ್ತಲೇ ಬಂದಿದೆ. ಆ ಜಿನೀವಾ ಸಮ್ಮೇಳನದಲ್ಲಿ 65 ದೇಶ, ಎಲ್ಲರೂ ಒಪ್ಪಿದರೆ ಮಾತ್ರ ಒಂದು ಹೆಜ್ಜೆ. 1996ರ ಅಣು ಪರೀಕ್ಷೆ ನಿಷೇಧದ ಕರಡಿನ ಮೇಲೆ ಕೆಲಸ ಮಾಡಿದ ನಂತರ ಅಲ್ಲಿಂದ ಒಂದು ಒಪ್ಪಂದವೂ ಹೊರಬಂದಿಲ್ಲ.

ಇನ್ನೊಂದು ಬಣ, ವಸ್ತು ಬಿಡಿ, ನಡವಳಿಕೆಗೆ ನಿಯಮ ಮಾಡೋಣ ಅನ್ನುತ್ತದೆ. 2020ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಬ್ರಿಟನ್ ಇದನ್ನು ಶುರು ಮಾಡಿತು. 2022ರ ಏಪ್ರಿಲ್‌ನಲ್ಲಿ ಅಮೆರಿಕ, ಉಪಗ್ರಹ ಒಡೆಯುವ ಕ್ಷಿಪಣಿ ಪರೀಕ್ಷೆ ನಾವು ಇನ್ನು ಮಾಡುವುದಿಲ್ಲ ಅಂತ ತಾನಾಗಿಯೇ ಹೇಳಿತು. ಕೆನಡಾ, ಜಪಾನ್, ಜರ್ಮನಿ, ಬ್ರಿಟನ್ ಹೀಗೆ ಒಂದೊಂದೇ ಸೇರಿಕೊಂಡವು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥ ಪರೀಕ್ಷೆ ಬೇಡ ಅನ್ನುವ ನಿರ್ಣಯಕ್ಕೆ ಮಹಾಸಭೆಯಲ್ಲಿ ಮತ: 155 ಪರ, 9 ವಿರೋಧ, 9 ತಟಸ್ಥ. ರಷ್ಯಾ, ಚೀನಾ ವಿರೋಧ. ಭಾರತ ತಟಸ್ಥ.

ನಮ್ಮ ಅಧಿಕೃತ ನಿಲುವು ಏನು ಅಂದರೆ, ಸ್ವಯಂಪ್ರೇರಿತ ಮಾತು ಸಾಲದು, ಎಲ್ಲರನ್ನೂ ಕಟ್ಟಿಹಾಕುವ ಕಾನೂನು ಬೇಕು, ಜಿನೀವಾದಲ್ಲೇ ಆಗಬೇಕು. ಕೇಳುವುದಕ್ಕೆ ಬಹಳ ಘನವಾದ ಮಾತು. ಆದರೆ 1996ರಿಂದ ಮುಚ್ಚಿದ ಬಾಗಿಲ ಮುಂದೆ ಕ್ಯೂ ನಿಲ್ಲುತ್ತೇವೆ ಅಂದ ಹಾಗೆ ಅಲ್ವಾ ಅದು? ನಾವು ಪರೀಕ್ಷೆ ಮಾಡಿ ಆಗಿದೆ. ಫೌಜಿ ಮಾವ ಹೇಳುವ ಗೆರೆಯ ಒಳಗೇ ಇದ್ದೇವೆ. ಇನ್ನು ಮೇಲೆ ಮಾಡಲ್ಲ ಅಂತ ಒಂದು ಮಾತು ಕೊಡುವುದರಲ್ಲಿ ನಮಗೆ ಏನು ನಷ್ಟ? 2024ರಲ್ಲಿ ಇಸ್ರೋ, 2030ರ ಹೊತ್ತಿಗೆ ನಮ್ಮ ಉಡಾವಣೆಗಳಿಂದ ಕಸವೇ ಆಗದ ಹಾಗೆ ಮಾಡುತ್ತೇವೆ ಅಂತ ಹೇಳಿದೆ. ಆ ಮಾತಿಗೂ ಇದು ಹೊಂದುತ್ತದೆ.

ಹಳೇಫೌಜಿ_ಗೋಣಿಕೊಪ್ಪ

ನಷ್ಟ ಇದೆ ಮಗ. ಚೀನಾ ಆ ಮಾತು ಕೊಟ್ಟಿಲ್ಲ. ಗಡಿಯಲ್ಲಿ ಎದುರಿಗೆ ನಿಂತವನು ಕೈ ಬಿಚ್ಚಿ ಇಟ್ಟುಕೊಂಡಿರುವಾಗ ನಾನು ಒಬ್ಬನೇ ಕಟ್ಟಿಕೊಳ್ಳುವುದಿಲ್ಲ. ಅಮೆರಿಕಕ್ಕೆ ಏನು, ಹೊಡೆಯುವ ವಿದ್ಯೆ 1985ರಲ್ಲೇ ವಿಮಾನದಿಂದ ಕ್ಷಿಪಣಿ ಬಿಟ್ಟು ಕಲಿತಾಗಿದೆ, 2008ರಲ್ಲಿ ಹಡಗಿನಿಂದಲೂ ಮಾಡಿ ನೋಡಿದ್ದಾಗಿದೆ. ಹೊಟ್ಟೆ ತುಂಬಿದ ಮೇಲೆ ಉಪವಾಸದ ಮಾತು ಸುಲಭ.

ಆದರೆ ಒಂದು ಒಪ್ಪುತ್ತೇನೆ. ಎತ್ತರದಲ್ಲಿ ಚೂರು ಹಾರಿಸಬಾರದು ಅನ್ನುವ ನಿಯಮ ಆದರೆ ಯಾವ ಸೇನೆಯೂ ಬೇಡ ಅನ್ನಲಿಕ್ಕಿಲ್ಲ, ಚೀನಾದ ಉಪಗ್ರಹಗಳೂ ಈಗ ಅಲ್ಲೇ ನೂರಾರು ಇವೆ.

ಮೇಷ್ಟ್ರು_ಮಡಿಕೇರಿ

ಫೌಜಿಯವರೇ, ಹೋಗಿ ನೋಡುವವರು ಯಾರು ಅಂದಿರಲ್ಲ, ಅದಕ್ಕೆ ಅರ್ಧ ಉತ್ತರ ನಿಮ್ಮ ಈ ಮಾತಿನಲ್ಲೇ ಇದೆ. ಡಬ್ಬಿಯೊಳಗೆ ಏನಿದೆ ಅಂತ ನೋಡುವುದು ಕಷ್ಟ. ಆದರೆ ಉಪಗ್ರಹ ಒಡೆದರೆ ಮುಚ್ಚಿಡಲು ಆಗುವುದಿಲ್ಲ, ಹಲವು ದೇಶಗಳ ರೇಡಾರ್‌ಗೆ ಚೂರು ಕಾಣುತ್ತದೆ. ಹಾಗಾಗಿ ಒಡೆಯುವ ಪರೀಕ್ಷೆಯ ನಿಷೇಧವನ್ನು ಯಾರು ಮುರಿದರೂ ಗೊತ್ತಾಗುತ್ತದೆ. ಮಿಕ್ಕಿದ್ದೆಲ್ಲ ನಿಧಾನ. 2022-23ರಲ್ಲಿ ವಿಶ್ವಸಂಸ್ಥೆಯ ಕಾರ್ಯಗುಂಪು ಕೂತು ಒಮ್ಮತದ ವರದಿ ಇಲ್ಲದೇ ಎದ್ದಿತು. ಈಗ ಎರಡೂ ಬಣದ ವಿಷಯವನ್ನು ಒಂದೇ ಮೇಜಿಗೆ ತಂದು 2025ರಿಂದ 2028ರವರೆಗೆ ಹೊಸ ಗುಂಪು ಮಾಡಿದ್ದಾರೆ. ಅಲ್ಲಿ ಭಾರತವೇ ಎದ್ದು, ಇಷ್ಟು ಎತ್ತರದ ಮೇಲೆ ಒಡೆಯುವುದನ್ನು ಮೊದಲು ಕಾನೂನಿನಲ್ಲೇ ನಿಲ್ಲಿಸೋಣ ಅಂತ ಒಂದು ಸಣ್ಣ ಕರಡು ಇಟ್ಟರೆ ಚೀನಾ ಏನು ಹೇಳುತ್ತದೆ ಅಂತ ನೋಡಬಹುದು. ಬೇಡ ಅಂದರೆ ಅದೂ ದಾಖಲೆಗೆ ಹೋಗುತ್ತದೆ.

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ಥ್ಯಾಂಕ್ಸ್. ಇದನ್ನು ಆ ವಾಟ್ಸಾಪ್ ಗ್ರೂಪಿಗೆ ಹಾಕಲಾ, ಯಾರದೂ ಅಭ್ಯಂತರ ಇಲ್ಲವಲ್ಲ?

ಕೆದಕ್ತೀನಿ_ನಾಪೋಕ್ಲು

ಹಾಕಿ ಅಣ್ಣ. ಇಷ್ಟುದ್ದ ಯಾರೂ ಓದಲ್ಲ, ವೀಟೋ ಹಾಕುತ್ತಾರೆ.