ಓಹಿಯೊ, ಮಿಷಿಗನ್, ಇಲಿನಾಯ್: ಮೂರಕ್ಕೂ ಹೊಂದುವ ಜಿಂಕೆ ರೈಫಲ್ ಯಾವುದು?

ಕೇಳಿದ್ದು, ಟೊಲೀಡೊದಿಂದ:

ನಾನು ಸೋಮವಾರಪೇಟೆ ಕಡೆಯವನು. ಕೋವಿ ಇರುವ ಮನೆಯಲ್ಲೇ ಬೆಳೆದದ್ದು. ಆದರೆ ಆಯುಧ ಪೂಜಿಸುವ ಕೊಡಗಿನ ಹಬ್ಬ ಕೈಲ್ ಪೊಳ್ದ್‌ ದಿನ ಅದಕ್ಕೆ ಹೂವಿಟ್ಟು ಕೈಮುಗಿದದ್ದು ಬಿಟ್ಟರೆ ಬೇಟೆ ಆಡಿ ಗೊತ್ತಿಲ್ಲ. ಈಗ ಎಚ್‌-1ಬಿ ಕೆಲಸದ ವೀಸಾ ಮೇಲೆ ಓಹಿಯೊದಲ್ಲಿದ್ದೇನೆ. ಜೊತೆಗೆ ಕೆಲಸ ಮಾಡುವವರ ಜಮೀನು ಗಡಿಯಾಚೆ ಮಿಷಿಗನ್‌ನ ಏಡ್ರಿಯನ್ ಹತ್ತಿರ ಇದೆ, ಇನ್ನೊಬ್ಬ ಗೆಳೆಯ ಇಲಿನಾಯ್‌ಗೆ ಕರೆಯುತ್ತಿದ್ದಾನೆ. ಒಂದೇ ರೈಫಲ್ ಕೊಂಡು ಮೂರೂ ಕಡೆ ನಡೆಸಬಹುದೇ? .30-06 ತೋಟೆಯ ರೈಫಲ್ ತಗೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಡೇಟನ್‌ನಿಂದ:

.30-06 ಅನ್ನು ಮೊದಲು ಮನಸ್ಸಿನಿಂದ ತೆಗೆದುಬಿಡಿ. ಟೆಕ್ಸಸ್‌ನಲ್ಲಿದ್ದಿದ್ದರೆ ಸರಿ, ವಿಸ್ಕಾನ್ಸಿನ್‌ನಲ್ಲಿದ್ದಿದ್ದರೂ ಸರಿ. ಓಹಿಯೊದಲ್ಲಿ ಜಿಂಕೆಗೆ ಅದು ನಡೆಯುವುದಿಲ್ಲ. ಇಲ್ಲಿ ತೋಟೆಯ ಹಿತ್ತಾಳೆ ಕೇಸು ಬುಡದಿಂದ ಬಾಯಿಯವರೆಗೆ ನೆಟ್ಟಗಿರಬೇಕು, ಸ್ಟ್ರೇಟ್ ವಾಲ್ ಅನ್ನುವುದು ಅದಕ್ಕೇ. .30-06, .308, ಹಳೇ ಕಾಲದ .30-30 ಕೂಡ ಬಾಟಲಿಯ ಹಾಗೆ ಕುತ್ತಿಗೆ ಕಿರಿದಾದ ತೋಟೆಗಳು. ಗುಂಡಿನ ಅಡ್ಡಳತೆ .357ರಿಂದ .50 ಇಂಚಿನ ಒಳಗಿರಬೇಕು, ಮ್ಯಾಗಜಿನ್ನೂ ಚೇಂಬರೂ ಸೇರಿ ಮೂರೇ ತೋಟೆ ತುಂಬಬೇಕು. 2014ಕ್ಕೆ ಮುಂಚೆ ಇಷ್ಟಕ್ಕೂ ಬಿಡುತ್ತಿರಲಿಲ್ಲ. ಉದ್ದ ಕೋವಿ ಅಂದರೆ ಸ್ಲಗ್ (ಒಂಟಿ ದಪ್ಪ ಗುಂಡು) ಹಾಕಿದ ಶಾಟ್‌ಗನ್, ಇಲ್ಲವೇ ಮಲೆನಾಡಿನಲ್ಲಿ ಕೇಪಿನ ಕೋವಿ ಅನ್ನುತ್ತೇವಲ್ಲ, ಹಾಗೆ ಬಾಯಿಂದ ಮದ್ದು ತುಂಬುವ ಮಜಲ್‌ಲೋಡರ್. ನೆಲ ಚಪ್ಪಟೆ, ಜೋಳದ ಹೊಲಗಳ ನಡುವೆ ಅಲ್ಲಲ್ಲಿ ಮನೆ. ತಪ್ಪಿದ ಗುಂಡು ಬಹುದೂರ ಹೋಗಬಾರದು ಅನ್ನುವುದು ಇದರ ಹಿಂದಿನ ಯೋಚನೆ, ನನಗದು ಸರಿಯೆನಿಸುತ್ತದೆ.

ಇನ್ನು ನಾನು ಮಾಡಿದ ತಪ್ಪು ಕೇಳಿ. ಮೊದಲ ಸಲ ಕೊಂಡದ್ದು .45-70 ತೋಟೆಯ ಲಿವರ್ ಆಕ್ಷನ್ ರೈಫಲ್. ಬಹಳ ಚೆಂದದ ಕೋವಿ. "ಸ್ಟ್ರೇಟ್ ವಾಲ್ ತಾನೇ, ಎಲ್ಲಾ ಕಡೆ ನಡೆಯುತ್ತೆ" ಅಂದರು ಅಂಗಡಿಯವರು. ಓಹಿಯೊದಲ್ಲಿ ನಡೆಯಿತು. ಮಾರನೇ ವರ್ಷ ದಕ್ಷಿಣ ಮಿಷಿಗನ್‌ಗೆ ಹೋದೆ. ಅಲ್ಲಿ ಫೈರ್‌ಆರ್ಮ್ ಸೀಸನ್ ನವೆಂಬರ್ 15ಕ್ಕೆ ಶುರು. 14ರ ರಾತ್ರಿ ಊಟ ಮಾಡುತ್ತಾ ಕೂತಿದ್ದಾಗ ಆ ಮನೆಯ ಹುಡುಗ ನಿಯಮದ ಪುಸ್ತಿಕೆ ತಂದು ತೋರಿಸಿದ. ದಕ್ಷಿಣದ ವಲಯದಲ್ಲಿ ಕೇಸು ನೆಟ್ಟಗಿದ್ದರೆ ಸಾಲದು, ಅದರ ಉದ್ದ 1.16ರಿಂದ 1.80 ಇಂಚಿನ ಒಳಗೂ ಇರಬೇಕು. .45-70 ಕೇಸು 2.1 ಇಂಚು. ಬೆಳಗ್ಗೆ ಎಲ್ಲರೂ ಕಾಡಿಗೆ ಹೋದರು, ನಾನು ಕೋವಿಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ಅಂಗಡಿಯವರ ಮಾತು ನಂಬಿ ಓದದೇ ಹೋದೆನಲ್ಲ ಅಂತ ಈಗಲೂ ಬೇಸರವಿದೆ.

ಅದಕ್ಕೇ ಕೋವಿ ಆರಿಸುವ ಮೊದಲು ತೋಟೆ ಆರಿಸಿ. ಹೋಗುವ ಜಾಗಗಳಲ್ಲಿ ಯಾವುದರ ನಿಯಮ ತುಂಬಾ ಬಿಗಿಯೋ ಅದಕ್ಕೆ ಹೊಂದುವ ತೋಟೆ. ನಿಮ್ಮ ಲೆಕ್ಕದಲ್ಲಿ .350 ಲೆಜೆಂಡ್. ವಿಂಚೆಸ್ಟರ್‌ನವರು 2019ರಲ್ಲಿ ಹೊರತಂದದ್ದು, ಹೆಸರು .350 ಆದರೂ ಗುಂಡಿನ ಅಳತೆ .357, ಕೇಸು 1.71 ಇಂಚು. ಭುಜಕ್ಕೆ ಒದೆತ ಕಡಿಮೆ, ನೂರೈವತ್ತು ಗಜದೊಳಗೆ ಜಿಂಕೆಗೆ ಧಾರಾಳವಾಗಿ ಸಾಕು. .450 ಬುಶ್‌ಮಾಸ್ಟರ್ ಕೂಡ ಅಳತೆಗೆ ಹೊಂದುತ್ತದೆ (1.70 ಇಂಚು), ಏಟು ಬಲ, ಒದೆತವೂ ಬಲ. ಹೊಸಬರು ಒದೆತಕ್ಕೆ ಹೆದರಿ ಟ್ರಿಗರ್ ಎಳೆಯುವಾಗ ಕಣ್ಣು ಮುಚ್ಚಿಬಿಡುತ್ತಾರೆ, ಆಗ ಪ್ರಾಣಿ ಗಾಯಗೊಂಡು ಓಡಿಹೋಗುತ್ತದೆ. ಅದನ್ನು ಒಮ್ಮೆ ಕಣ್ಣಾರೆ ನೋಡಿದ್ದೇನೆ, ಇನ್ನೊಮ್ಮೆ ನೋಡುವುದು ಬೇಡ.

ಕೊಲಂಬಸ್‌ನಿಂದ:

ತೋಟೆಯ ಮಾತು ಆಮೇಲೆ. ಎಚ್‌-1ಬಿ ಅಂದಿರಿ, ಅದು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು. ಫೆಡರಲ್ ಕಾನೂನಿನ ಪ್ರಕಾರ ನಾನ್‌-ಇಮಿಗ್ರಂಟ್ ವೀಸಾದಲ್ಲಿ ಬಂದವರು ಬಂದೂಕನ್ನಾಗಲಿ ತೋಟೆಯನ್ನಾಗಲಿ ಹೊಂದುವಂತಿಲ್ಲ. ಇದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಸಿಗುವುದು ಒಂದೇ: ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗೆಳೆಯನ ಕೋವಿಯನ್ನು "ಸ್ವಲ್ಪ ಹಿಡಿದು ನೋಡ್ತೀನಿ" ಅನ್ನುವುದಕ್ಕೂ ಇದೇ ಅನ್ವಯ. ಲೈಸೆನ್ಸ್ ಮುಗಿದ ಮಾರನೇ ದಿನ ಕೋವಿ ಮನೆಯಲ್ಲಿದ್ದರೆ ಅದು ಅಪರಾಧ, ವೀಸಾಕ್ಕೂ ಕುತ್ತು. ನಾನು ಗ್ರೀನ್ ಕಾರ್ಡ್ ಬರುವವರೆಗೂ ಲೈಸೆನ್ಸಿನ ಕೊನೇ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿಡುತ್ತಿದ್ದೆ.

ಊರಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೆ ಆಯುಧ ಲೈಸೆನ್ಸಿನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಿದ್ದೂ ಆಗಿದೆ. ಆ ಅಭ್ಯಾಸದಲ್ಲಿ ಬೆಳೆದವರಿಗೆ ಕೋವಿ ಮನೆಯ ಮಗುವಿದ್ದ ಹಾಗೆ, ಮುಟ್ಟುವುದಕ್ಕೆ ಕಾಗದ ಬೇಕು ಅಂತ ತೋಚುವುದೇ ಇಲ್ಲ. ಇಲ್ಲಿ ಮೊದಲು ಹಂಟರ್ ಎಜುಕೇಶನ್ ಅನ್ನುವ ಬೇಟೆ ತರಬೇತಿ ಮುಗಿಸಿ, ಲೈಸೆನ್ಸ್ ತೆಗೆಸಿ, ಕಂಪನಿಯ ವಕೀಲರಲ್ಲ, ನಿಮ್ಮದೇ ಇಮಿಗ್ರೇಶನ್ ವಕೀಲರೊಬ್ಬರನ್ನು ಕೇಳಿ, ಆಮೇಲೆ ಅಂಗಡಿಗೆ ಹೋಗಿ.

ಪಿಯೋರಿಯಾದಿಂದ:

ಇಲಿನಾಯ್ ಮಾತು ನಾನು ಹೇಳುತ್ತೇನೆ. ಇಲ್ಲಿ ಜಿಂಕೆಗೆ ರೈಫಲ್ ಬಿಟ್ಟದ್ದೇ 2023ರಿಂದ, ಅದೂ ಸಿಂಗಲ್ ಶಾಟ್ ಮಾತ್ರ. ಮ್ಯಾಗಜಿನ್ ಇರುವ ಬೋಲ್ಟ್ ಆಕ್ಷನ್ ತಂದು "ಒಂದೇ ತೋಟೆ ಹಾಕಿಕೊಳ್ಳುತ್ತೇನೆ" ಅಂದರೆ ಆಗದು, ಕೋವಿ ಹಿಡಿಯುವುದೇ ಒಂದು ತೋಟೆಯಾಗಿರಬೇಕು. ನನ್ನದು ನಡು ಮುರಿದು ತೋಟೆ ಹಾಕುವ ಸಿವಿಎ ಸ್ಕೌಟ್, .350 ಲೆಜೆಂಡ್‌ನದೇ. ಹೆನ್ರಿಯವರ ಸಿಂಗಲ್ ಶಾಟ್ ಕೂಡ ಇದೆ. ಊರಿನ ಒಂಟಿ ನಳಿಗೆ ತೋಟಾ ಕೋವಿ ಹಿಡಿದು ಗೊತ್ತಿದ್ದವರಿಗೆ ಇದರ ಹದ ಕೂಡಲೇ ಕೈಗೆ ಬರುತ್ತದೆ. ಒಂದೇ ಈಡು ಅಂತ ಗೊತ್ತಿದ್ದರೆ ಮನುಷ್ಯ ಕಾಯುತ್ತಾನೆ, ಜಿಂಕೆ ಮಗ್ಗುಲು ತಿರುಗುವವರೆಗೆ ಬೆರಳು ಟ್ರಿಗರಿನ ಮೇಲೆ ಹೋಗುವುದಿಲ್ಲ. ನಾಲ್ಕು ಜಿಂಕೆ ಹೊಡೆದಿದ್ದೇನೆ, ಎರಡನೇ ತೋಟೆ ಬೇಕಾದದ್ದು ಒಮ್ಮೆ ಮಾತ್ರ. ಅಂದಹಾಗೆ ಇಲ್ಲಿ ಫೈರ್‌ಆರ್ಮ್ ಪರ್ಮಿಟ್ ಕೌಂಟಿ ಲೆಕ್ಕದಲ್ಲಿ ಕೊಡುತ್ತಾರೆ, ಗೆಳೆಯನ ಜಮೀನು ಯಾವ ಕೌಂಟಿ ಅಂತ ಈಗಲೇ ಕೇಳಿಟ್ಟುಕೊಳ್ಳಿ.

ಟೊಲೀಡೊದಿಂದ, ಕೇಳಿದವರು:

ಎಲ್ಲರಿಗೂ ತುಂಬಾ ಧನ್ಯವಾದ. ವೀಸಾ ವಿಷಯ ಗೊತ್ತೇ ಇರಲಿಲ್ಲ, ಕಳೆದ ವಾರವಷ್ಟೇ ಸಹೋದ್ಯೋಗಿಯ ಮನೆಯಲ್ಲಿ ಕೋವಿ ನೋಡೋಣ ಬನ್ನಿ ಅಂದಿದ್ದರು, ಹೋಗಲಿಲ್ಲ ಸದ್ಯ. ಹಂಟರ್ ಎಜುಕೇಶನ್‌ಗೆ ಇವತ್ತೇ ಹೆಸರು ಬರೆಸಿದೆ. .350 ಲೆಜೆಂಡ್ ಅಂತಲೇ ನಿಶ್ಚಯಿಸಿದೆ. ಡೇಟನ್ ಅಣ್ಣ, ಹಾಗಾದರೆ ಸಿಂಗಲ್ ಶಾಟ್ ಒಂದೇ ಮೂರೂ ಕಡೆ ನಡೆಯುತ್ತದೆ ಅಲ್ಲವೇ?

ಡೇಟನ್‌ನಿಂದ:

ನಡೆಯುತ್ತದೆ, ನಿಮಗೆ ಅದೇ ಒಳ್ಳೆಯದು. ಆದರೆ ಸೀಸನ್‌ಗೆ ಮುಂಚೆ ಮೂರೂ ರಾಜ್ಯಗಳ ಆ ವರ್ಷದ ಪುಸ್ತಿಕೆಯನ್ನು ನೀವೇ ಓದಿ, ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. ತೋಟೆಯನ್ನು ಬೇಸಿಗೆಯಲ್ಲೇ ಕೊಂಡಿಡಿ, ನವೆಂಬರ್‌ನಲ್ಲಿ ಹುಡುಕಬೇಡಿ. ಯಾವ ತೋಟೆಯಲ್ಲಿ ಗುರಿ ಕೂರಿಸಿದ್ದೀರೋ ಅದೇ ತೋಟೆ ಕಾಡಿಗೂ ಒಯ್ಯಿರಿ. ಮಿಷಿಗನ್‌ನಲ್ಲಿ ಹೊಡೆದರೆ ಜಿಂಕೆಯನ್ನು ಇಡಿಯಾಗಿ ಓಹಿಯೊಗೆ ತರಬೇಡಿ. ಸಿಡಬ್ಲ್ಯುಡಿ ಅನ್ನುವ ರೋಗದ ಕಾರಣಕ್ಕೆ ಹೊರರಾಜ್ಯದ ಜಿಂಕೆಯ ಮಿದುಳು, ಬೆನ್ನುಹುರಿ ಗಡಿ ದಾಟುವಂತಿಲ್ಲ. ಅಲ್ಲೇ ಮೂಳೆ ಬಿಡಿಸಿ, ಮಾಂಸ ಮಾತ್ರ ಐಸ್ ಪೆಟ್ಟಿಗೆಯಲ್ಲಿ ತನ್ನಿ. ಊರಿಂದ ಯಾರಾದರೂ ಬರುವವರಿದ್ದರೆ ಮಾಂಸದಡುಗೆಗೆ ಹಾಕುವ ಕೊಡಗಿನ ಹುಳಿ ಕಾಚಂಪುಳಿ ತರಿಸಿಡಿ. ಜಿಂಕೆ ಮಾಂಸದಲ್ಲಿ ಕೊಬ್ಬಿಲ್ಲ, ಪಂದಿ (ಹಂದಿ) ಮಾಂಸದಷ್ಟು ಹೊತ್ತು ಒಲೆಯ ಮೇಲೆ ಒಣಗಿಸಿದರೆ ಗಟ್ಟಿಯಾಗುತ್ತದೆ, ಬೇಗ ಇಳಿಸಬೇಕು.