ಪದಚರ್ಚೆ: ಪಂಪಿಗೆ ‘ಗಾಳಿ ಹಿಡಿದಿದೆ’, ‘ಮರಳು ಕೊಳವೆ’ – ಗೋಡೆ ಫಲಕಕ್ಕೆ ತುರ್ತಾಗಿ ಬೇಕು

ಪೆರ್ಲದಿಂದ:

ಬಲ್ಲವರಿಗೆ ನಮಸ್ಕಾರ. ಅಡಕೆ ಸಿಪ್ಪೆ, ತೆಂಗಿನ ಗೆರಟೆ, ಸೌದೆ ಉರಿಸುವ ಮನೆಮಟ್ಟದ ಬಾಯ್ಲರಿನ ಪಕ್ಕದ ಗೋಡೆಗೆ ಹಾಕುವ ಫಲಕವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕಾದ ನೀರನ್ನು ಸಣ್ಣ ಪಂಪು ಒಣಗಿಸುವ ಕೋಣೆಯ ರೇಡಿಯೇಟರುಗಳಿಗೆ ನೂಕಿ ವಾಪಸು ತರುತ್ತದೆ. ಮೂಲ ಕೈಪಿಡಿ ಯುರೋಪಿನ ಚಳಿಮನೆಗಳಿಗೆ ಬರೆದದ್ದು, ಇಂಗ್ಲಿಷಿನಲ್ಲಿದೆ. ಓದುವವರು ಬೆಂಕಿ ನೋಡಿಕೊಳ್ಳುವ ಕೆಲಸದವರು. ಮನೆಮಾತು ಕನ್ನಡ, ತುಳು, ಮಲಯಾಳ ಎಲ್ಲವೂ ಉಂಟು. ನಾಳೆ ಸಂಜೆ ಫ್ಲೆಕ್ಸಿನವರಿಗೆ ಕೊಡಬೇಕು.

‘ಸರ್ಕ್ಯುಲೇಶನ್ ಪಂಪ್’ಗೆ ‘ಪರಿಚಲನಾ ಪಂಪು’ ಎಂದು ಬರೆದಿದ್ದೇನೆ, ಹಿಡಿಸಿಲ್ಲ. ಒಳಗೆ ಗಾಳಿ ಸಿಕ್ಕಿಕೊಂಡು ನೀರಿನ ಓಟ ತಡೆಯುವ ‘ಏರ್ ಲಾಕ್’ ಮತ್ತು ಅದನ್ನು ಬಿಡಿಸುವ ‘ಬ್ಲೀಡ್’ಗೆ ಏನು? ಗಣಕದ ಅನುವಾದ ‘ಪಂಪಿನ ರಕ್ತ ಹರಿಸಿ’ ಎಂದು ಕೊಟ್ಟಿತು. ತಿರುಗುವ ದಂಡ ಜಾಮ್ ಆದರೆ ಇಲ್ಲಿ ‘ಪಂಪು ಹಿಡಿದಿದೆ’ ಎನ್ನುತ್ತಾರೆ. ಗಾಳಿ ಸೇರಿದರೂ ‘ಗಾಳಿ ಹಿಡಿದಿದೆ’. ಎರಡೂ ‘ಹಿಡಿ’ಯೇ ಆದರೆ ಗೊಂದಲವಲ್ಲವೇ? ನೀರು ಬಾಯ್ಲರಿಗೆ ಹಿಂದಿರುಗುವ ‘ರಿಟರ್ನ್ ಪೈಪ್’ಗೆ ‘ಮರಳು ಕೊಳವೆ’ ಆಗಬಹುದೇ? ಕೊನೆಯದಾಗಿ, ಪೈಪಿನ ಒಳಗಿನ ಕಪ್ಪು ಕೆಸರಿಗೆ ‘ಗಸಿ’ ಎನ್ನಲೇ?

ಕುಂಬಳೆಯಿಂದ:

‘ಪರಿಚಲನಾ’ ಬೇಡ. ‘ಸುತ್ತು’ ಇರುವಾಗ ಅದೇಕೆ? ‘ಪಂಪು’ ಸಹ ಬೇಡ. ‘ಸುತ್ತುನೂಕು’ ಎನ್ನಿ. ಬಾಯ್ಲರಿಗೆ ‘ಕಾಯ್ಹಂಡೆ’. ‘ಮರಳು ಕೊಳವೆ’ ಅಚ್ಚಗನ್ನಡ, ಹಾಗೆಯೇ ಇಡಿ.

ಹೊಸೂರಿನಿಂದ:

‘ಮರಳು ಕೊಳವೆ’ ಅಂದರೆ ನಮ್ಮಲ್ಲಿ ಮರಳು ಸಾಗಿಸೋ ಕೊಳವೆ. ಫಲಕ ಓದಿದವನು ಪೈಪಿನೊಳಗೆ ಮರಳು ಎಲ್ಲಿಂದ ಬಂತು ಅಂತ ಹುಡುಕ್ತಾನೆ. ದಯವಿಟ್ಟು ಬೇಡ.

ಕುಂಬಳೆಯಿಂದ:

ಫಲಕ ಹೊಸೂರಿಗಲ್ಲ. ಇಲ್ಲಿ ಕಾಸರಗೋಡಿನಲ್ಲಿ ಆ ಮರಳಿಗೆ ‘ಹೊಯ್ಗೆ’ ಎನ್ನುತ್ತಾರೆ. ಹಳಗನ್ನಡದಲ್ಲೂ ಅದು ‘ಮಳಲ್’, ತಮಿಳು ಮಲಯಾಳಗಳ ‘ಮಣಲ್’ ಅದರ ಒಡಹುಟ್ಟು. ‘ಮರಳು’ ಎಂದರೆ ಹಿಂದಿರುಗು; ಅದು ಬೇರೆಯೇ ಧಾತು. ಎರಡು ಪದ ಬಾಯಿಯಲ್ಲಿ ಒಂದಾದದ್ದಕ್ಕೆ ಧಾತುವಿಗೇಕೆ ಶಿಕ್ಷೆ?

ಅಕ್ಕಲಕೋಟೆಯಿಂದ:

ನಮ್ಮ ಕಡೆ ಅದಕ್ಕ ಉಸುಕು ಅಂತಾರ್ರೀ, ನಮಗೂ ಗೊಂದಲ ಇಲ್ಲ. ಆದ್ರ ಸಾಲಿ ಪುಸ್ತಕದಾಗ ‘ಮರಳು’ ಅಂತಾನ ಓದಿರ್ತಾರ. ಧಾತು ನೋಡಿ ಯಾರೂ ವಾಲ್ವ್ ತಿರುವಂಗಿಲ್ಲ. ‘ವಾಪಸ್ ಪೈಪು’ ಅಂದ್ರ ಏನು ಕಡಿಮಿ ಆಗ್ತದ?

ಕುಂಬಳೆಯಿಂದ:

‘ವಾಪಸ್’ ಪಾರಸಿ. ಮುಂದೆ ಮಾತಿಲ್ಲ.

ಮುಳ್ಳೇರಿಯದಿಂದ:

ಪದ ಆರಿಸುವ ಮೊದಲು ಆ ಪಂಪಿಗೆ ಏನೇನಾಗುತ್ತದೆ ಎಂದು ನೋಡಬೇಕು. ಮೂರು ಬೇರೆ ಬೇರೆ ಕಾಯಿಲೆಗಳಿವೆ, ಮದ್ದು ಬೇರೆ ಬೇರೆ. ಮೂರಕ್ಕೂ ‘ಹಿಡಿದಿದೆ’ ಎಂದು ಬರೆದರೆ ಕೆಲಸದವನು ಒಂದರ ಮದ್ದನ್ನು ಇನ್ನೊಂದಕ್ಕೆ ಮಾಡುತ್ತಾನೆ.

ಈ ಜಾತಿಯ ಪಂಪಿನಲ್ಲಿ ಮೋಟಾರಿನ ತಿರುಗುವ ಭಾಗ, ಅಂದರೆ ರೋಟರು, ನೀರಿನಲ್ಲೇ ಮುಳುಗಿ ತಿರುಗುತ್ತದೆ. ಬೇರಿಂಗಿಗೆ ಆ ನೀರೇ ಎಣ್ಣೆ. ಆದ್ದರಿಂದ ಬತ್ತಿದ ಪಂಪನ್ನು ಓಡಿಸಿದರೆ ಬೇರಿಂಗು ಸವೆದುಹೋಗುತ್ತದೆ. ದಂಡ ಯಾವಾಗಲೂ ಅಡ್ಡಕ್ಕೆ ಮಲಗಿರಬೇಕು. ಮೋಟಾರು ಮೇಲ್ಮುಖವಾಗಿ ಕೂತಿದ್ದರೆ ಗಾಳಿ ಹೋಗಿ ಬೇರಿಂಗಿನಲ್ಲೇ ನಿಲ್ಲುತ್ತದೆ.

ಮೊದಲನೆಯದು, ಗಾಳಿ ಸೇರುವುದು. ಪಂಪು ತಿರುಗುತ್ತಿರುತ್ತದೆ, ಒಳಗೆ ಗುಳುಗುಳು ಸದ್ದು. ಹೋಗುವ ಪೈಪು 85 ಡಿಗ್ರಿ ಇದ್ದು, ಬರುವ ಪೈಪು ಉಗುರುಬೆಚ್ಚಗೆ ಮಾತ್ರ. ಮದ್ದು: ಪಂಪು ಆಫ್ ಮಾಡಿ, ನೀರು ಶಾಂತವಾಗಲು ಬಿಟ್ಟು, ಅತಿ ಎತ್ತರದ ಗಾಳಿಕೊಳಾಯಿಯನ್ನು ಅರ್ಧ ಸುತ್ತು ಸಡಿಲಿಸಿ. ಸುಸ್ ಎನ್ನುವುದು ನಿಂತು ಒಂದೇ ಸಮ ನೀರು ಬಂದ ಮೇಲೆ ಬಿಗಿಯಿರಿ. ಪಂಪು ಓಡುತ್ತಿರುವಾಗ ಬೇಡ. ಎಳೆಯುವ ಬದಿಯಲ್ಲಿ ಒತ್ತಡ ತೀರ ಕಡಿಮೆ ಇದ್ದರೆ ಆ ಕೊಳಾಯಿಯಿಂದ ಗಾಳಿ ಒಳಗೇ ಹೋಗುತ್ತದೆ. ಆಮೇಲೆ ಒತ್ತಡ ನೋಡಿ. ಮುಚ್ಚಿದ ವ್ಯವಸ್ಥೆಯಾದರೆ ತಣ್ಣಗಿದ್ದಾಗ 1ರಿಂದ 1.5 ಬಾರ್ ಇರಬೇಕು. ಗಾಳಿ ಮತ್ತೆ ಮತ್ತೆ ಸೇರುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಹಿಗ್ಗುತೊಟ್ಟಿಯನ್ನು ಪಂಪಿನ ಎಳೆಯುವ ಬದಿಗೆ ಬಿಟ್ಟು ನೂಕುವ ಬದಿಗೆ ಜೋಡಿಸಿದ್ದಾರೆ.

ಎರಡನೆಯದು, ದಂಡ ಕಚ್ಚಿಕೊಳ್ಳುವುದು. ಹಲವು ತಿಂಗಳು ನಿಂತ ಪಂಪಿಗೆ ಇದು ಮಾಮೂಲು. ಸ್ವಿಚ್ ಹಾಕಿದರೆ ಹೂಂಗುಟ್ಟುತ್ತದೆ, ತಿರುಗುವುದಿಲ್ಲ, ಮೈ ಬಿಸಿಯಾಗುತ್ತದೆ. ಹಳೆಯ ಮೂರು ವೇಗದ ಪಂಪುಗಳ ಮುಖದ ನಡುವೆ ದೊಡ್ಡ ಸೀಳು ಸ್ಕ್ರೂ ಒಂದಿರುತ್ತದೆ. ಕರೆಂಟು ತೆಗೆದು, ನೀರು 40 ಡಿಗ್ರಿಗಿಂತ ಕೆಳಗೆ ಬಂದ ಮೇಲೆ, ಎರಡೂ ಬದಿಯ ವಾಲ್ವ್ ಮುಚ್ಚಿ, ಕೆಳಗೆ ಬಟ್ಟೆ ಹಿಡಿದು ಆ ಸ್ಕ್ರೂ ಬಿಚ್ಚಿ. ಸ್ವಲ್ಪ ನೀರು ಬರುತ್ತದೆ. ಒಳಗೆ ಕಾಣುವ ದಂಡದ ತುದಿಯ ಸೀಳಿಗೆ ಚಪ್ಪಟೆ ಸ್ಕ್ರೂಡ್ರೈವರ್ ಕೂರಿಸಿ ಮೆಲ್ಲಗೆ ಆಚೀಚೆ ತಿರುಗಿಸಿ. ಬಿಟ್ಟುಕೊಂಡರೆ ಸ್ಕ್ರೂ ಬಿಗಿದು, ವಾಲ್ವ್ ತೆರೆದು, ಮೂರನೆಯ ವೇಗದಲ್ಲಿ ಓಡಿಸಿ. ಕೈಯಲ್ಲಿ ಸಲೀಸಾಗಿ ತಿರುಗಿಯೂ ಕರೆಂಟಿಗೆ ಏಳದಿದ್ದರೆ ಮೋಟಾರನ್ನು ಎಬ್ಬಿಸುವ ಕೆಪಾಸಿಟರು ಸತ್ತಿದೆ. ಮೈಕ್ರೊಫ್ಯಾರಡ್ ಎಷ್ಟು ಬರೆದಿದೆಯೋ ಅಷ್ಟರದ್ದನ್ನೇ ಹಾಕಿ; ಈ ಸಣ್ಣ ಪಂಪುಗಳಲ್ಲಿ ಸಾಮಾನ್ಯವಾಗಿ 2ರಿಂದ 4 ಇರುತ್ತದೆ. ಹೊಸ ಎಲೆಕ್ಟ್ರಾನಿಕ್ ಪಂಪುಗಳು ಹಲವಕ್ಕೆ ಈ ಸ್ಕ್ರೂ ಇಲ್ಲ, ಕಚ್ಚಿಕೊಂಡ ದಂಡವನ್ನು ತಾವೇ ಅಲುಗಿಸಿ ಬಿಡಿಸಿಕೊಳ್ಳುತ್ತವೆ.

ಮೂರನೆಯದನ್ನು ಪೆರ್ಲದವರು ಕೇಳಲೇ ಇಲ್ಲ, ಅಪಾಯದ್ದು ಅದೇ: ಪಂಪಿನ ಬಾಯಲ್ಲಿ ನೀರು ಕುದಿಯುವುದು. ಜಲ್ಲಿ ಆಡಿಸಿದ ಸದ್ದು ಬರುತ್ತದೆ. ಇಲ್ಲಿ ಸ್ಕ್ರೂ ಬಿಚ್ಚಿದರೆ ಕೈ ಮುಖ ಬೇಯುತ್ತದೆ. ಇದಕ್ಕೆ ‘ಗಾಳಿ’ ಎಂದು ಬರೆಯಬೇಡಿ, ‘ಆವಿ’ ಎನ್ನಿ. ಮಲಯಾಳದಲ್ಲೂ ಆವಿ ಆವಿಯೇ. ಗ್ಯಾಸಿನ ಹಾಗೆ ಸೌದೆ ಬೆಂಕಿ ಸ್ವಿಚ್ಚಿಗೆ ಆರುವುದಿಲ್ಲ. ಪಂಪು ನಿಂತರೂ ಬೆಂಕಿ ಕಾಯಿಸುತ್ತಲೇ ಇರುತ್ತದೆ. ಒಲೆಯ ಗಾಳಿಬಾಯಿ ಮುಚ್ಚಬೇಕು, ಸಿಪ್ಪೆ ಹಾಕುವುದನ್ನು ನಿಲ್ಲಿಸಬೇಕು, ಬಾಯ್ಲರಿಗೆ ಒಮ್ಮೆಲೇ ತಣ್ಣೀರು ಬಿಡಬಾರದು, ಬೆಂಕಿ ಇರುವಾಗ ಪಂಪಿನ ವಾಲ್ವ್ ಮುಚ್ಚಲೇಬಾರದು. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿನಲ್ಲಿ ಇದೇ ಮೊದಲ ಸಾಲಾಗಬೇಕು.

ಹೀಗಾಗಿ: ಗಾಳಿ ‘ಸೇರಿದೆ’, ದಂಡ ‘ಕಚ್ಚಿಕೊಂಡಿದೆ’, ನೀರು ‘ಆವಿಯಾಗುತ್ತಿದೆ’. ‘ಬ್ಲೀಡ್’ಗೆ ‘ಗಾಳಿ ಬಿಡಿ’ ಸಾಕು.

ತಾಳವಾಡಿಯಿಂದ:

‘ಗಾಳಿ ಬಿಡಿ’ ಎಂದರೆ ಒಳಗೆ ಬಿಡುವುದೋ ಹೊರಗೆ ಬಿಡುವುದೋ? ಟಯರಿಗೆ ಗಾಳಿ ಬಿಡಿ ಎಂದು ಹೇಳುವವರೂ ಇದ್ದಾರೆ. ‘ಗಾಳಿ ತೆಗೆಯಿರಿ’ ಎಂದರೆ ಎರಡನೆಯ ಅರ್ಥ ಬರುವುದಿಲ್ಲ. ‘ಗಾಳಿ ಹಿಡಿದಿದೆ’ ಹೇಗೂ ಬೇಡ, ಭೂತ ಬಿಡಿಸುವವರನ್ನು ಕರೆಸಿಯಾರು.

‘ಗಸಿ’ ಪದ ಚೆನ್ನಾಗಿದೆ. ತಳಕ್ಕಿಳಿದ ಮಡ್ಡಿ ಎಂಬ ಅರ್ಥ ನಿಘಂಟುಗಳಲ್ಲೂ ಇದೆ.

ಪೆರ್ಲದಿಂದ:

ಕರಾವಳಿಯಲ್ಲಿ ಗಸಿ ಎಂದರೆ ಮೊದಲು ಕೋಳಿಯ ಗಟ್ಟಿ ಸಾರು ನೆನಪಾಗುತ್ತದೆ. ‘ಜಾಲರಿಯಲ್ಲಿ ಗಸಿ ನಿಂತರೆ ತೊಳೆಯಿರಿ’ ಎಂದು ಬರೆದರೆ ಅಡಿಗೆಮನೆಯ ಫಲಕವಾಗುತ್ತದೆ.

ಮುಳ್ಳೇರಿಯದಿಂದ:

‘ಕಪ್ಪು ಕೆಸರು’ ಎನ್ನಿ. ಬಣ್ಣ ಬೇಕೇ ಬೇಕು. ಕಪ್ಪಾಗಿ ಅಯಸ್ಕಾಂತಕ್ಕೆ ಅಂಟಿದರೆ ಒಳಗಿನ ಕಬ್ಬಿಣ ನಿಧಾನಕ್ಕೆ ತಿಂದುಹೋದದ್ದು. ಕೆಂಪಾಗಿದ್ದರೆ ಹೊಸ ಗಾಳಿ ಎಲ್ಲಿಂದಲೋ ನಿತ್ಯ ಒಳಗೆ ಬರುತ್ತಿದೆ, ಸೋರಿಕೆ ಹುಡುಕಬೇಕು. ‘ಚರಟ’, ‘ಗಸಿ’, ‘ಗಷ್ಟು’ ಯಾವುದಕ್ಕೂ ಈ ಬಣ್ಣ ಇಲ್ಲ.

ಇನ್ನೊಂದು, ಬರುವ ಪೈಪಿನ ನೀರು ಬಾಯ್ಲರಿಗೆ ಸೇರುವಾಗ 55 ಡಿಗ್ರಿಗಿಂತ ತಣ್ಣಗಿರಬಾರದು ಎಂದು ಮೂಲದಲ್ಲಿ ಖಂಡಿತ ಇರುತ್ತದೆ. ತಣ್ಣಗಿದ್ದರೆ ಹೊಗೆಯ ತೇವ ಒಳಗೋಡೆಯಲ್ಲಿ ಬೆವರಿ ಟಾರು ಕಟ್ಟುತ್ತದೆ, ತಗಡು ತೂತಾಗುತ್ತದೆ. ಹಸಿ ಸಿಪ್ಪೆ ಹಾಕಿದರೆ ಇನ್ನೂ ಬೇಗ. ಆ ಟಾರನ್ನು ‘ಮಸಿ’ ಎಂದು ಅನುವಾದಿಸಬೇಡಿ. ಮಸಿ ಗುಡಿಸಿದರೆ ಹೋಗುತ್ತದೆ, ಇದು ಹೋಗುವುದಿಲ್ಲ.

ಕುಂಬಳೆಯಿಂದ:

ಪಂಪು, ವಾಲ್ವ್, ಸ್ಕ್ರೂ, ಟಾರು, ಕೆಪಾಸಿಟರು. ಫಲಕದಲ್ಲಿ ಕನ್ನಡ ಉಳಿಯುವುದು ವಿಭಕ್ತಿ ಪ್ರತ್ಯಯದಲ್ಲಿ ಮಾತ್ರವೋ? ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿ ಕನ್ನಡದ ಒಂದೊಂದು ಹಲಗೆಗೂ ಬಡಿದಾಡಿದ್ದೇವೆ. ಹಲಗೆ ಸಿಕ್ಕಾಗ ಅದರಲ್ಲಿ ಇಂಗ್ಲಿಷ್ ತುಂಬಿಸಲಿಕ್ಕಲ್ಲ.

ಅಕ್ಕಲಕೋಟೆಯಿಂದ:

1956 ನಮಗೂ ಆಗೇದ್ರೀ, ನಾವು ಮಹಾರಾಷ್ಟ್ರದಾಗ ಉಳಿದೀವಿ. ಅದನ್ನ ಪಂಪಿನೊಳಗ ತುರುಕಬ್ಯಾಡ್ರಿ. ಅಂಗಡಿಯಾಗ ಹೋಗಿ ‘ಸುತ್ತುನೂಕು ಕೊಡ್ರಿ’ ಅಂದ್ರ ಏನು ಕೊಡ್ತಾರ?

ತಾಳವಾಡಿಯಿಂದ:

ಕುಂಬಳೆಯವರ ಸಿಟ್ಟು ತಪ್ಪು ಕಡೆಗೆ ತಿರುಗಿದೆ. ಗಡಿಯಲ್ಲಿ ಕನ್ನಡ ಕೆಡುವುದು ‘ವಾಲ್ವ್’ನಿಂದಲ್ಲ, ಪಕ್ಕದ ಭಾಷೆಯ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದುಬಿಡುವುದರಿಂದ. ಮಲಯಾಳದಲ್ಲಿ ‘ಅವಸರ’ ಎಂದರೆ ಅವಕಾಶ. ಅದನ್ನು ಹಾಗೆಯೇ ಎತ್ತಿಟ್ಟು ‘ಅರ್ಜಿ ಸಲ್ಲಿಸಲು ಕೊನೆಯ ಅವಸರ’ ಎಂದು ಬರೆದರೆ ಎಲ್ಲವೂ ಕನ್ನಡದ ಪದಗಳೇ, ಅರ್ಥ ಮಾತ್ರ ಬೇರೆ. ವಸ್ತುವಿನ ಜೊತೆ ಬಂದ ಹೆಸರು ಅಷ್ಟು ಕೆಡುಕು ಮಾಡುವುದಿಲ್ಲ.

ಕುಂಬಳೆಯಿಂದ:

ಹಾಗಾದರೆ ಹೊಸ ಪದ ಕಟ್ಟುವ ಕೆಲಸವೇ ಬೇಡ ಎಂದಾಯಿತು. ‘ಗಾಳಿಬಾಯಿ’, ‘ಹಿಗ್ಗುತೊಟ್ಟಿ’ ಮುಳ್ಳೇರಿಯದವರು ಸಲೀಸಾಗಿ ಬಳಸಿದರಲ್ಲ. ಅವು ಅಂಗಡಿಯಲ್ಲಿ ಸಿಗುತ್ತವೆಯೇ?

ಮುಳ್ಳೇರಿಯದಿಂದ:

ಗಾಳಿಬಾಯಿ ಮುಚ್ಚುವುದು, ಕೊಳ್ಳುವುದಲ್ಲ. ಕೊಳ್ಳುವ ಸಾಮಾನಿಗೆ ಅಂಗಡಿಯ ಹೆಸರು, ಮಾಡುವ ಕೆಲಸಕ್ಕೆ ನಮ್ಮ ಮಾತು. ಹಿಗ್ಗುತೊಟ್ಟಿಗೆ ಫಲಕದಲ್ಲಿ ‘ಎಕ್ಸ್‌ಪಾನ್ಶನ್ ಟ್ಯಾಂಕ್’ ಎಂದೇ ಬರೆಯಿರಿ, ನನ್ನ ತಕರಾರಿಲ್ಲ.

ಪೆರ್ಲದಿಂದ:

ಎಲ್ಲರಿಗೂ ಋಣಿ. ಹೀಗೆ ಕೊಡುತ್ತಿದ್ದೇನೆ:

‘ಬೆಂಕಿ ಇರುವಾಗ ಪಂಪು ನಿಂತರೆ: ಒಲೆಯ ಗಾಳಿಬಾಯಿ ಮುಚ್ಚಿ. ಸಿಪ್ಪೆ ಹಾಕಬೇಡಿ. ತಣ್ಣೀರು ಬಿಡಬೇಡಿ. ಪಂಪಿನ ವಾಲ್ವ್ ಮುಚ್ಚಬೇಡಿ. ಜಲ್ಲಿಯ ಸದ್ದು ಬಂದರೆ ನೀರು ಆವಿಯಾಗುತ್ತಿದೆ, ಯಾವ ಸ್ಕ್ರೂವನ್ನೂ ಮುಟ್ಟಬೇಡಿ.

ಗುಳುಗುಳು ಸದ್ದು ಇದ್ದರೆ ಗಾಳಿ ಸೇರಿದೆ: ಪಂಪು ಆಫ್ ಮಾಡಿ, ಮೇಲಿನ ಕೊಳಾಯಿಯಿಂದ ಗಾಳಿ ತೆಗೆಯಿರಿ.

ಹೂಂಗುಟ್ಟಿ ತಿರುಗದಿದ್ದರೆ ದಂಡ ಕಚ್ಚಿಕೊಂಡಿದೆ: ಕರೆಂಟು ತೆಗೆಯಿರಿ, ನೀರು ತಣಿಯಲಿ, ಎರಡೂ ವಾಲ್ವ್ ಮುಚ್ಚಿ, ನಡುವಿನ ಸ್ಕ್ರೂ ಬಿಚ್ಚಿ ದಂಡ ತಿರುಗಿಸಿ.

ಹೋಗುವ ಪೈಪು: ಕೆಂಪು ಬಣ್ಣ. ಬರುವ ಪೈಪು: ನೀಲಿ ಬಣ್ಣ.’

ಪಂಪು ಬರಿಯ ‘ಪಂಪು’ ಆಗಿ ಉಳಿಯಿತು, ಅಲ್ಲಿರುವುದು ಅದೊಂದೇ.

ಮುಳ್ಳೇರಿಯದಿಂದ:

ದಂಡದ ಸಾಲಿನಲ್ಲಿ ‘ನೀರು ತಣಿಯಲಿ’ ಎನ್ನುವ ಮೊದಲು ‘ಬೆಂಕಿ ಪೂರ್ತಿ ಆರಿದ ಮೇಲೆ’ ಎಂದು ಸೇರಿಸಿ. ಇಲ್ಲದಿದ್ದರೆ ಅದೇ ಸಾಲು ವಾಲ್ವ್ ಮುಚ್ಚಲು ಹೇಳುತ್ತದೆ, ಮೊದಲ ಸಾಲು ಬೇಡ ಎನ್ನುತ್ತದೆ.

ಕುಂಬಳೆಯಿಂದ:

‘ಆಫ್ ಮಾಡಿ’ ಅಲ್ಲ, ‘ನಿಲ್ಲಿಸಿ’. ಅಷ್ಟಾದರೂ ತಿದ್ದಿ.

ಪೆರ್ಲದಿಂದ:

ಎರಡೂ ತಿದ್ದಿದೆ. ಕಳಿಸಿದೆ.