ಮೂರು ಸಾಫ್ಟ್‌ವೇರ್, ಒಂದೇ ಡೇಟಾಬೇಸ್: ಮೊದಲು ಏನು ಮಾಡಬೇಕು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದು ದಾಲ್ ಮಿಲ್. ತೂಕದ ಕಾಟಾ, ಬಿಲ್ಲಿಂಗ್, ಲಾರಿ ಬಾಡಿಗೆ, ಹೀಗೆ ಮೂರಕ್ಕೂ ಬೇರೆ ಬೇರೆ ಸಾಫ್ಟ್‌ವೇರ್ ಇದೆ. ಎಲ್ಲಕ್ಕೂ ಒಂದೇ ಡೇಟಾಬೇಸ್ ಮಾಡಬೇಕು. ಮಾಡಿದವರು ಯಾರಾದರೂ ಇದ್ದೀರಾ?

ಕಲಬುರಗಿಯಿಂದ:
ಗಂಜ್‌ನ ಒಂದು ಮಿಲ್‌ಗೆ ಇದೇ ಕೆಲಸ ಮಾಡಿದ್ದೇನೆ. ಟೇಬಲ್ (ಡೇಟಾಬೇಸ್‌ನಲ್ಲಿ ಮಾಹಿತಿ ಇಡುವ ಪಟ್ಟಿ) ಮಾಡುವ ಮುಂಚೆ ಒಂದು ಹಾಳೆ ಹಿಡಿದು ಕೂರಿ. ಯಾವ ಟೇಬಲ್‌ಗೆ ಯಾರು ಯಜಮಾನ ಅಂತ ಬರೆಯಿರಿ. ಪಾರ್ಟಿ, ಅಂದರೆ ವ್ಯಾಪಾರಿ, ರೈತರ ವಿವರ ತಿದ್ದುವುದು ಬಿಲ್ಲಿಂಗ್ ಮಾತ್ರ. ತೂಕದ ಚೀಟಿ ಬರೆಯುವುದು ಕಾಟಾ ಮಾತ್ರ. ಉಳಿದವರು ಓದಲಿ, ಸಾಕು. ಬಾಯಿ ಮಾತಲ್ಲಿ ಇದು ನಿಲ್ಲೋದಿಲ್ಲ. ಒಂದೊಂದು ಸಾಫ್ಟ್‌ವೇರ್‌ಗೂ ಬೇರೆ ಯೂಸರ್ ಮಾಡಿ, ಪರ್ಮಿಷನ್ ಅಲ್ಲೇ ಕಟ್ಟಿಹಾಕಿ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್ ಆದರೆ ಒಂದೇ ಡೇಟಾಬೇಸ್‌ನಲ್ಲಿ ಮೂರು ಸ್ಕೀಮಾ (ಟೇಬಲ್‌ಗಳ ಬೇರೆ ಬೇರೆ ಗುಂಪು) ಇಡಬಹುದು.

ಶುರುವಿನಲ್ಲಿ ನಾವು ಇದನ್ನು ಮಾಡಿರಲಿಲ್ಲ. ಜನವರಿ ತಿಂಗಳು, ತೊಗರಿ ಸೀಸನ್. ಬಿಲ್ಲಿಂಗ್ ನೋಡುವ ಹುಡುಗ ಒಂದು ಕಾಲಂ ಹೆಸರು ಬದಲಿಸಿದ. ಅವನ ಕಡೆ ಎಲ್ಲ ಸರಿಯಿತ್ತು. ಇತ್ತ ಹಳೇ ಹೆಸರಲ್ಲೇ ಆ ಕಾಲಂ ಓದುತ್ತಿದ್ದ ಕಾಟಾದ ಸ್ಕ್ರೀನ್ ನಿಂತೇ ಹೋಯಿತು. ಗೇಟಿನಿಂದ ರಸ್ತೆವರೆಗೂ ಲಾರಿ ಸಾಲು. ಕಾಟಾದವರು ಹಳೇ ಬಿಲ್‌ಗಳ ಹಿಂದೆ ಪೆನ್ನಲ್ಲಿ ತೂಕ ಬರೆದುಕೊಂಡರು. ಆ ಚೀಟಿಗಳನ್ನೆಲ್ಲ ರಾತ್ರಿ ಹನ್ನೊಂದರವರೆಗೆ ಕೂತು ಎಂಟ್ರಿ ಮಾಡಿದೆವು, ಎರಡರಲ್ಲಿ ಲಾರಿ ನಂಬರ್ ಅಳಿಸಿಹೋಗಿತ್ತು. ಆಮೇಲೆ ವ್ಯೂ, ಅಂದರೆ ಟೇಬಲ್‌ನಿಂದ ಬೇಕಾದಷ್ಟನ್ನೇ ತೋರಿಸುವ ಕಿಟಕಿ, ಮಾಡಿಕೊಟ್ಟೆವು. ಈಗ ಕಾಟಾ ಬೇರೆಯವರ ಟೇಬಲ್ ಮುಟ್ಟುವುದಿಲ್ಲ, ವ್ಯೂ ಓದುತ್ತದೆ. ಒಳಗೆ ಕಾಲಂ ಬದಲಾದರೂ ವ್ಯೂನಲ್ಲಿ ಹಳೇ ಹೆಸರನ್ನೇ ಉಳಿಸಬಹುದು.

ಇನ್ನೊಂದು ಮಾತು. ಜಿಎಸ್‌ಟಿ ನಂಬರನ್ನು ಪ್ರೈಮರಿ ಕೀ (ಒಬ್ಬೊಬ್ಬ ಪಾರ್ಟಿಯನ್ನು ಗುರುತಿಸುವ ಕಾಲಂ) ಮಾಡಬೇಡಿ. 15 ಅಕ್ಷರದಲ್ಲಿ ಮೊದಲ 2 ರಾಜ್ಯದ್ದು, ಮುಂದಿನ 10 ಪ್ಯಾನ್. ನಮ್ಮ ಕಡೆಯ ವ್ಯಾಪಾರಿಗೆ ಸೊಲ್ಲಾಪುರದಲ್ಲೊಂದು, ಹೈದರಾಬಾದ್‌ನಲ್ಲೊಂದು ಅಂಗಡಿ ಇರುತ್ತದೆ ಅಲ್ವಾ? ಇಲ್ಲಿ 29, ಅಲ್ಲಿ 27, ಇನ್ನೊಂದು ಕಡೆ 36. ನಂಬರ್ ಮೂರು, ಮಾಲೀಕ ಒಬ್ಬನೇ. ಮಾಲು ತರುವ ರೈತರಿಗಂತೂ ಆ ನಂಬರೇ ಇರುವುದಿಲ್ಲ. ಪಾರ್ಟಿಗೆ ನೀವೇ ಒಂದು ಸಂಖ್ಯೆ ಕೊಡಿ, ಜಿಎಸ್‌ಟಿ ನಂಬರ್‌ಗಳನ್ನು ಬೇರೆ ಟೇಬಲ್‌ನಲ್ಲಿಡಿ.

ಬೀದರ್‌ನಿಂದ:
ಮೇಲಿನದು ನೂರಕ್ಕೆ ನೂರು ಸರಿ. ನಮಗೆ ಜಾಸ್ತಿ ಕಷ್ಟ ಕೊಟ್ಟಿದ್ದು ಹಳೇ ಡೇಟಾ. ಒಂದರಲ್ಲಿ ಊರು ಗುಲ್ಬರ್ಗಾ, ಇನ್ನೊಂದರಲ್ಲಿ ಕಲಬುರಗಿ. 2014ರ ನವೆಂಬರ್ 1ಕ್ಕೆ ಹೆಸರು ಬದಲಾಯಿತು, ಹಳೇ ಎಂಟ್ರಿಗಳು ಹಾಗೇ ಇದ್ದವು. ಒಬ್ಬನೇ ಗಿರಾಕಿ ಇಬ್ಬರಾಗಿ, ಬಾಕಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಊರು, ತಾಲ್ಲೂಕು, ಜಿಲ್ಲೆಗೆ ಪಟ್ಟಿ ಮಾಡಿ, ಆರಿಸುವ ಹಾಗಿಡಿ. ಟೈಪ್ ಮಾಡಲು ಬಿಡಬೇಡಿ. ಕನ್ನಡ ಹೆಸರಿನ ಕಾಲಂ ಯೂನಿಕೋಡ್ (ಕನ್ನಡ ಅಕ್ಷರ ಹಿಡಿಯುವ ಬಗೆ) ಇದೆಯಾ ಅಂತ ಮೊದಲೇ ನೋಡಿ. ನಮ್ಮಲ್ಲಿ ಹೆಸರೆಲ್ಲ ಪ್ರಶ್ನೆ ಚಿಹ್ನೆಗಳಾಗಿ ಸೇವ್ ಆದವು. ಅವು ಮತ್ತೆ ಸಿಗಲಿಲ್ಲ.

ಯಾದಗಿರಿಯಿಂದ:
ತೂಕ ಒಂದೇ ಅಳತೆಯಲ್ಲಿರಲಿ. ಒಂದು ಸಾಫ್ಟ್‌ವೇರ್ ಚೀಲ, ಇನ್ನೊಂದು ಕ್ವಿಂಟಲ್ ಅಂದರೆ ಲೆಕ್ಕ ಕೂಡೋದಿಲ್ಲ. ಒಳಗೆ ಕೆಜಿ ಇಡಿ, ತೋರಿಸುವಾಗ ಬದಲಿಸಿ. ಎಚ್‌ಎಸ್‌ಎನ್ ಕೋಡನ್ನು (ಬಿಲ್‌ನಲ್ಲಿ ಮಾಲು ಯಾವುದೆಂದು ಹೇಳುವ ಸಂಖ್ಯೆ) ಅಂಕಿಯ ಕಾಲಂನಲ್ಲಿ ಇಡಬೇಡಿ. ಬೇಳೆಕಾಳಿನ 0713 ನಮ್ಮಲ್ಲಿ 713 ಆಗಿ ಬಿಲ್‌ನಲ್ಲಿ ಬಂತು. ಅದು ಟೆಕ್ಸ್ಟ್ ಆಗಿರಲಿ, ಹಣ ಡೆಸಿಮಲ್ (ಪೈಸೆವರೆಗೂ ಸರಿಯಾಗಿ ಹಿಡಿಯುವ ಬಗೆ) ಆಗಿರಲಿ. ಪಾರ್ಟಿ ಮತ್ತು ಮಾಲಿನ ಪಟ್ಟಿ ಮೊದಲು ಸೇರಿಸಿ. ಲಾರಿ ಬಾಡಿಗೆ ಮುಂದಿನ ಸೀಸನ್‌ಗೆ ನೋಡಿದರಾಯಿತು.